ಯುದ್ಧಕೈದಿಗಳ ರಂಗಭೂಮಿಯನ್ನು ನಮ್ಮ ರಂಗಕ್ಕೆ ತರುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹವ್ಯಾಸಿ ತಂಡಗಳಿಗೆ ಮತ್ತು ಕಾಲೇಜು ನಾಟಕ ಸಂಘಗಳನ್ನು ನಡೆಸುವ ಮಾಸ್ತರರಿಗೆ ಈ ಬರಹ ಉದ್ದೇಶಿತವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಮುಳ್ಳುತಂತಿಯ ಬೇಲಿಯೊಳಗೆ ಸಿಕ್ಕ ಸೈನಿಕರು ನಾಟಕ ಕಟ್ಟಿ ದಿನ ಕಳೆದದ್ದನ್ನೂ, ಅದೇ ಕಾಲದಲ್ಲಿ ಮನುಷ್ಯರನ್ನು ಮೈಬಣ್ಣ ನೋಡಿ ಬೇರೆ ಬೇರೆ ಇರಿಸಿದ್ದನ್ನೂ ಒಂದು ಗಂಟೆಯ ಕನ್ನಡ ನಾಟಕವಾಗಿ ಆಡುವುದು ಹೇಗೆ ಎಂಬುದು ಇಲ್ಲಿಯ ವಿಷಯ. ಹತ್ತು ಹನ್ನೆರಡು ಕಲಾವಿದರು, ಒಂದು ಪೇಟಿ, ಬಾರಿಸುವ ಒಂದು ಹಲಗೆ, ಒಂದಿಷ್ಟು ಹಳೆಯ ಪ್ಯಾಕಿಂಗ್ ಕಟ್ಟಿಗೆ, ಸಂಜೆಯ ಹೊತ್ತು ತಾಲೀಮಿಗೆ ಒಂದೂವರೆ ತಿಂಗಳು, ಇಷ್ಟಿದ್ದರೆ ಕೆಲಸ ಆರಂಭಿಸಬಹುದು.

ಮೊದಲು ಯಾವ ಶಿಬಿರದ ಕಥೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಯುದ್ಧಕೈದಿಗಳ ನಾಟಕವೆಂದರೆ ಒಂದೇ ಊರಿನ ಕಥೆಯೇನಲ್ಲ. 1940ರ ಕ್ರಿಸ್‌ಮಸ್ ಹೊತ್ತಿಗೆ ಜರ್ಮನಿಯ ಟ್ರಿಯರ್ ಊರಿನ ಶಿಬಿರದಲ್ಲಿ ಕೈದಿಯಾಗಿದ್ದ ಫ್ರೆಂಚ್ ಚಿಂತಕ ಸಾರ್ತ್ರ್ ಒಂದು ನಾಟಕ ಬರೆದು ಜೊತೆಗಾರರಿಂದ ಆಡಿಸಿದ. ಸಿಂಗಪುರದ ಚಾಂಗಿಯಲ್ಲಿ ಆಸ್ಟ್ರೇಲಿಯದ ಸೈನಿಕರು ಸ್ವಂತ ಮೇಳ ಕಟ್ಟಿಕೊಂಡಿದ್ದರು. ಸಾವಿರಾರು ಕೈದಿಗಳು ಹಸಿವು, ಕಾಲರಾಗಳಿಂದ ಸತ್ತ ಥಾಯ್ಲೆಂಡ್–ಬರ್ಮಾ ರೈಲು ಹಾದಿಯ ಶಿಬಿರಗಳಲ್ಲಿಯೂ ಬಿದಿರಿನ ರಂಗಮಂಚಗಳು ಎದ್ದವು. ಆದರೆ ವರ್ಣಭೇದದ ಸಂಗತಿಯನ್ನು ಕಥೆಯ ನಡುವಿಗೆ ತರಬೇಕೆಂದರೆ, ನನ್ನ ಅಭಿಪ್ರಾಯದಲ್ಲಿ, ಈಗ ಪೋಲೆಂಡಿಗೆ ಸೇರಿರುವ ಸಾಗನ್ ಊರಿನ ಶಿಬಿರಕ್ಕಿಂತ ಒಳ್ಳೆಯ ಸ್ಥಳ ಸಿಗಲಾರದು. ಸೆರೆಸಿಕ್ಕ ವಿಮಾನ ಸೈನಿಕರಿಗಾಗಿ ಜರ್ಮನರು 1942ರಲ್ಲಿ ತೆರೆದ ಈ ಶಿಬಿರದಲ್ಲಿ 1945ರ ಜನವರಿಯ ಹೊತ್ತಿಗೆ ಸುಮಾರು 11,000 ಮಂದಿ ಇದ್ದರು. ಬ್ರಿಟಿಷರ ಉತ್ತರದ ಆವರಣದಲ್ಲಿ ಕೈದಿಗಳೇ ತಮ್ಮ ಕೈಯಾರೆ ಒಂದು ರಂಗಮಂದಿರ ಕಟ್ಟಿದರು. ಅದರ ನೆಲ ಇಳಿಜಾರಾಗಿತ್ತು. ವಾದ್ಯದವರಿಗೆ ಬೇರೆ ತಗ್ಗು, ಬಣ್ಣ ಹಚ್ಚಿಕೊಳ್ಳಲು ಬೇರೆ ಕೋಣೆ ಇದ್ದವು. ಕುರ್ಚಿಗಳನ್ನು ರೆಡ್‌ಕ್ರಾಸ್ ಪಾರ್ಸೆಲ್ಲುಗಳು ಬರುತ್ತಿದ್ದ ಕಟ್ಟಿಗೆಯ ಪೆಟ್ಟಿಗೆಗಳಿಂದ ಮಾಡಿಕೊಂಡಿದ್ದರು. ಅಮೆರಿಕನ್ನರ ದಕ್ಷಿಣದ ಆವರಣದಲ್ಲಿಯೂ ರಂಗಮಂದಿರವಿತ್ತು.

ಈ ಶಿಬಿರಕ್ಕೆ 1944ರ ಆಗಸ್ಟ್ ತಿಂಗಳಲ್ಲಿ ಬಂದವನು ಅಲೆಕ್ಸಾಂಡರ್ ಜೆಫರ್ಸನ್ ಎಂಬ ಕಪ್ಪು ಅಮೆರಿಕನ್ ಯುದ್ಧವಿಮಾನ ಚಾಲಕ. ಅಮೆರಿಕದ ಸೈನ್ಯದಲ್ಲಿ ಆಗ ಕಪ್ಪು ಸೈನಿಕರ ಪಲ್ಟನ್ನೇ ಬೇರೆ, ಬಿಳಿಯರ ಪಲ್ಟನ್ನೇ ಬೇರೆ ಆಗಿತ್ತು. ಕಪ್ಪು ಚಾಲಕರಿಗೆ ಅಲಬಾಮಾದ ಟಸ್ಕೀಗಿಯಲ್ಲಿ ಪ್ರತ್ಯೇಕವಾಗಿ ತರಬೇತಿ ಕೊಟ್ಟು, ಪ್ರತ್ಯೇಕ ತುಕಡಿಗಳಲ್ಲಿ ಹಾರಿಸುತ್ತಿದ್ದರು. ಅವರಲ್ಲಿ 30ಕ್ಕೂ ಹೆಚ್ಚು ಮಂದಿ ಶತ್ರುವಿನ ಕೈಗೆ ಸಿಕ್ಕರು. ಜೆಫರ್ಸನ್‌ನ ವಿಮಾನವನ್ನು ಆಗಸ್ಟ್ 12ರಂದು ಫ್ರಾನ್ಸಿನ ತೂಲೋನ್ ಬಳಿ ಹೊಡೆದುರುಳಿಸಲಾಯಿತು. ಸಾಗನ್‌ಗೆ ಬಂದ ಮೇಲೆ ಅವನಿಗೆ ಆದ ಅನುಭವವೇ ನಿಮ್ಮ ನಾಟಕದ ಬೆನ್ನೆಲುಬು: ಸ್ವಂತ ಸೈನ್ಯದಲ್ಲಿ ಬಿಳಿಯರೊಡನೆ ಒಂದೇ ಬ್ಯಾರಕ್ಕಿನಲ್ಲಿ ಮಲಗದಿದ್ದವನು ವೈರಿಯ ಸೆರೆಯಲ್ಲಿ ಬಿಳಿಯ ಅಧಿಕಾರಿಗಳ ಜೊತೆ ಒಂದೇ ಕೋಣೆಯಲ್ಲಿ ಉಳಿದುಕೊಂಡ. ಹೊಸ ಕೈದಿಯನ್ನು ತಮ್ಮ ಕೋಣೆಗೆ ಆರಿಸಿಕೊಳ್ಳುವಾಗ ಅಮೆರಿಕದ ದಕ್ಷಿಣ ಸೀಮೆಯ ಬಿಳಿಯ ಅಧಿಕಾರಿ ಇವನನ್ನೇ ಆರಿಸಿದ್ದಕ್ಕೆ ಕಾರಣವೂ ವಿಚಿತ್ರವಾಗಿತ್ತು. ಕೈದಿಗಳ ನಡುವೆ ಜರ್ಮನ್ ಗೂಢಚಾರರು ಸೇರಿಕೊಳ್ಳುವ ಭಯವಿತ್ತು, ಕಪ್ಪು ಮನುಷ್ಯ ಜರ್ಮನ್ ಗೂಢಚಾರನಾಗಿರಲು ಸಾಧ್ಯವಿರಲಿಲ್ಲ. ಈ ಪ್ರಸಂಗವನ್ನು ರಂಗದ ಮೇಲೆ ಭಾಷಣವಿಲ್ಲದೆ, ನಗೆಯೊಂದಿಗೆ ಆಡಿರಿ; ಪ್ರೇಕ್ಷಕರು ನಕ್ಕ ಮೇಲೆ ತಾವೇ ಸುಮ್ಮನಾಗುತ್ತಾರೆ.

ಇಸವಿಗಳ ವಿಷಯದಲ್ಲಿ ಎಚ್ಚರ ಬೇಕು. ಇದೇ ಶಿಬಿರದಿಂದ ಸುರಂಗ ತೋಡಿ 76 ಮಂದಿ ಪಾರಾದದ್ದು 1944ರ ಮಾರ್ಚ್ 24ರ ರಾತ್ರಿ. ಅವರಲ್ಲಿ 73 ಮಂದಿ ಮತ್ತೆ ಸಿಕ್ಕರು, 50 ಮಂದಿಯನ್ನು ಗುಂಡಿಟ್ಟು ಕೊಂದರು. ಆ ಸುರಂಗದ ಮಣ್ಣನ್ನು ಹಿಮ ಬಿದ್ದ ತಿಂಗಳುಗಳಲ್ಲಿ ಹೊರಗೆ ಚೆಲ್ಲಲಾಗದೆ ರಂಗಮಂದಿರದ ನೆಲದಡಿಯಲ್ಲಿಯೇ ಅಡಗಿಸಿದ್ದರು. ಆದರೆ ಆಗ ಜೆಫರ್ಸನ್ ಇನ್ನೂ ಆಕಾಶದಲ್ಲಿದ್ದ. ಅವನ ಕೈಯಲ್ಲಿ ಮಣ್ಣಿನ ಚೀಲ ಕೊಟ್ಟು ನಡೆಸಿದರೆ ಕಥೆ ರೋಚಕವಾದೀತು, ಚರಿತ್ರೆ ಸುಳ್ಳಾಗುತ್ತದೆ. ಅವನು ಬಂದ ಕಾಲಕ್ಕೆ, 1944ರ ಶರತ್ಕಾಲದಲ್ಲಿ, ಉತ್ತರದ ಆವರಣದ ರಂಗಮಂದಿರದ ಕುರ್ಚಿಯೊಂದರ ಕೆಳಗಿನಿಂದ ಮತ್ತೊಂದು ಸುರಂಗ ಆರಂಭವಾಗಿತ್ತು, ಅದನ್ನು ಬಳಸುವ ಸಂದರ್ಭ ಬರಲಿಲ್ಲ. ನಿಮಗೆ ಸುರಂಗ ಬೇಕೇಬೇಕೆಂದಿದ್ದರೆ ಅದನ್ನು ಬೇರೊಬ್ಬ ಕೈದಿಯ ಬಾಯಿಂದ ಸುದ್ದಿಯಾಗಿ ಬರಮಾಡಿ.

ಇನ್ನೊಂದು ಪೂರ್ವಸಿದ್ಧತೆ ಕಾನೂನಿನದು. 1929ರ ಜಿನೀವಾ ಒಪ್ಪಂದದ 9ನೆಯ ವಿಧಿಯು ಬೇರೆ ಬೇರೆ ಜನಾಂಗ ಮತ್ತು ರಾಷ್ಟ್ರಗಳ ಕೈದಿಗಳನ್ನು ಸಾಧ್ಯವಾದಷ್ಟು ಒಂದೇ ಶಿಬಿರದಲ್ಲಿ ಕೂಡಿಸಬಾರದೆಂದು ಹೇಳಿತ್ತು. ಅದೇ ಒಪ್ಪಂದದ 17ನೆಯ ವಿಧಿಯು ಕೈದಿಗಳು ಸ್ವತಃ ಏರ್ಪಡಿಸುವ ಬೌದ್ಧಿಕ ಮನರಂಜನೆಗೂ ಆಟಕ್ಕೂ ಪ್ರೋತ್ಸಾಹ ಕೊಡಬೇಕೆಂದಿತ್ತು. ನಾಟಕಕ್ಕೆ ಅನುಮತಿ ಕೊಟ್ಟ ಕಾಗದದಲ್ಲಿಯೇ ಜನಾಂಗಗಳನ್ನು ದೂರ ಇಡಿರೆಂಬ ಮಾತೂ ಇತ್ತು. 1949ರ ಹೊಸ ಒಪ್ಪಂದವು ಜನಾಂಗದ ಆಧಾರದ ಮೇಲೆ ಕೆಟ್ಟದಾಗಿ ನಡೆಸಿಕೊಳ್ಳುವುದನ್ನು ನಿಷೇಧಿಸಿತು. ಈ ಎರಡು ಹಳೆಯ ವಿಧಿಗಳನ್ನು ಶಿಬಿರದ ಅಧಿಕಾರಿಯೊಬ್ಬ ಒಂದೇ ಉಸಿರಿನಲ್ಲಿ ಓದುವ ಸಣ್ಣ ದೃಶ್ಯ ಇಡಿರಿ. ಅವನು ಕ್ರೂರವಾಗಿ ಕೂಗುವುದು ಬೇಡ. ತಾಲ್ಲೂಕು ಕಚೇರಿಯಲ್ಲಿ ಸುತ್ತೋಲೆ ಓದುವ ಗುಮಾಸ್ತನ ದನಿ ಸಾಕು.

ಬೆಳಗಾವಿಯ ಪ್ರೇಕ್ಷಕರಿಗೆ ಯುದ್ಧಕೈದಿಯ ಕಥೆ ಪರದೇಶದ್ದೆಂದು ಅನಿಸದಿರಲು ಪೀಠಿಕೆಯಾಗಿ ಇನ್ನೊಂದು ಸಂಗತಿಯನ್ನು ಹೇಳಬಹುದು. ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯದ ಕುತ್ ಪಟ್ಟಣಕ್ಕೆ ತುರ್ಕರು ಮುತ್ತಿಗೆ ಹಾಕಿದಾಗ ಒಳಗೆ ಸಿಲುಕಿದವರಲ್ಲಿ ಮರಾಠಾ ಪಲ್ಟನ್‌ಗಳೂ ಇದ್ದವು. 1916ರ ಏಪ್ರಿಲ್ 29ರಂದು ಸುಮಾರು 13,000 ಮಂದಿ ಶರಣಾದರು. ಸೆರೆಯಾದ ಬ್ರಿಟಿಷ್ ಅಧಿಕಾರಿಗಳು ಯೋಜ್‌ಗಾತ್‌ನಂಥ ಅನಾತೋಲಿಯದ ಊರುಗಳ ಮನೆಗಳಲ್ಲಿ ಕುಳಿತು ನಾಟಕ ಆಡುತ್ತಿದ್ದ ಕಾಲದಲ್ಲಿ, ಹಿಂದುಸ್ತಾನದ ಸಿಪಾಯಿಗಳು ರಾಸ್ ಅಲ್ ಐನ್ ಎಂಬಲ್ಲಿ ಬಾಗ್ದಾದ್ ರೈಲು ಹಾದಿಗಾಗಿ ಕಲ್ಲುಮಣ್ಣು ಹೊರುತ್ತಿದ್ದರು. ಆ ಪಲ್ಟನ್‌ಗಳ ಪರಂಪರೆಯ ಮರಾಠಾ ಲೈಟ್ ಇನ್‌ಫಂಟ್ರಿಯ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿಯೇ ಇದೆ. ಹೀಗಾಗಿ ಪೀಠಿಕೆಯಲ್ಲಿ ಒಬ್ಬ ಸಿಪಾಯಿ ನಾಲ್ಕು ಮಾತು ಮರಾಠಿಯಲ್ಲಿ ಆಡಿದರೂ ಸಭೆಗೆ ಅರ್ಥವಾಗುತ್ತದೆ. ಅದನ್ನು ಐದು ನಿಮಿಷಕ್ಕಿಂತ ಬೆಳೆಸಬೇಡಿ, ನಾಟಕ ಅವನದಲ್ಲ.

ಪ್ರವೇಶಕ್ಕೆ ಸಾರಥಿಯನ್ನು ಕರೆಯಿರಿ

ರಂಗಪಠ್ಯ ಬರೆಯುವಾಗ ತಂಡಗಳು ಸಾಮಾನ್ಯವಾಗಿ ಸಿನಿಮಾದ ದಾರಿ ಹಿಡಿಯುತ್ತವೆ: ಮೊದಲು ವಿಮಾನದ ಸದ್ದು, ಆಮೇಲೆ ಗುಂಡಿನ ಸದ್ದು, ಆಮೇಲೆ ಹೊಗೆ. ನಮ್ಮ ದೊಡ್ಡಾಟದಲ್ಲಿ ಇದಕ್ಕಿಂತ ಚೆನ್ನಾದ ಉಪಾಯ ಮೊದಲಿನಿಂದಲೂ ಇದೆ. ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು ಹೆಸರು, ಊರು, ಬಂದ ಕಾರಣ ಕೇಳುತ್ತಾನೆ. ಪಾತ್ರ ತನ್ನ ಪರಾಕ್ರಮವನ್ನೆಲ್ಲ ಹೇಳಿಕೊಳ್ಳುತ್ತದೆ. ಯುದ್ಧಕೈದಿಯ ವಿಚಾರಣೆಯೂ ಹೆಚ್ಚುಕಡಿಮೆ ಇದೇ ರೀತಿಯಲ್ಲಿ ಆರಂಭವಾಗುತ್ತಿತ್ತು, ಆದರೆ ಒಪ್ಪಂದದ ಪ್ರಕಾರ ಕೈದಿ ಹೆಸರನ್ನೂ ಹುದ್ದೆಯನ್ನೂ ಇಲ್ಲವೇ ನಂಬರನ್ನೂ ಬಿಟ್ಟು ಬೇರೇನೂ ಹೇಳಬೇಕಾಗಿರಲಿಲ್ಲ. ಪರಾಕ್ರಮ ಹೇಳಿಸುವ ಸಾರಥಿಯ ಎದುರು ಬಾಯಿ ಬಿಡದ ಪಾತ್ರವನ್ನು ನಿಲ್ಲಿಸಿದರೆ ದೃಶ್ಯ ತಾನಾಗಿಯೇ ಬಿಗಿಯಾಗುತ್ತದೆ. ಒಂದು ಮಾದರಿಯನ್ನು ಇಲ್ಲಿ ಕೊಡುತ್ತೇನೆ, ನಿಮ್ಮ ಊರಿನ ಮಾತಿಗೆ ಹೊಂದಿಸಿಕೊಳ್ಳಿ.

ಸಾರಥಿ: ಬಂದಂಥವರು ತಾವು ಯಾರು? ತಮ್ಮ ಸ್ಥಳ ಯಾವುದು?
ಕೈದಿ: ಹೆಸರು ಹೇಳತೇನಿ, ಹುದ್ದೆ ಹೇಳತೇನಿ, ನಂಬರ ಹೇಳತೇನಿ. ಮುಂದಿಂದು ಕೇಳಬ್ಯಾಡ್ರಿ.
ಸಾರಥಿ: ಸ್ಥಳ ಹೇಳದವರಿಗೆ ಈ ರಂಗದಾಗ ಜಾಗಾ ಇಲ್ಲ.
ಕೈದಿ: ನಮ್ಮ ದೇಶದಾಗೂ ಇರಲಿಲ್ರೀ.

ಮಾತು ಎಲ್ಲ ಕೈದಿಗಳ ಬಾಯಲ್ಲಿಯೂ ಈ ಸೀಮೆಯ ಸಾಮಾನ್ಯ ಕನ್ನಡವೇ ಇರಲಿ. ಅಮೆರಿಕನ್ನನೆಂದು ತೋರಿಸಲು ಕನ್ನಡವನ್ನು ಮುರಿದು ಮುರಿದು ಆಡಿಸುವುದು ಮೊದಲ ಐದು ನಿಮಿಷ ನಗು ತರಿಸಿ, ಉಳಿದ ಐವತ್ತೈದು ನಿಮಿಷ ತಂಡವನ್ನು ಕಾಡುತ್ತದೆ. ಜರ್ಮನ್ ಕಾವಲುಗಾರನಿಗೆ ಮಾತೇ ಬೇಡ, ಒಂದು ಸೀಟಿ ಕೊಡಿ.

ದಿನಕ್ಕೆ ಎರಡು ಬಾರಿ ಕೈದಿಗಳನ್ನು ಸಾಲಾಗಿ ನಿಲ್ಲಿಸಿ ಎಣಿಸುತ್ತಿದ್ದರು. ಈ ಎಣಿಕೆಯನ್ನು ನಾಟಕದ ತಾಳವಾಗಿ ಬಳಸಿಕೊಳ್ಳಿ. ಕೈದಿಗಳು ತಮ್ಮ ನಾಟಕದ ತಾಲೀಮು ನಡೆಸುತ್ತಿರುವಾಗ ಹಲಗೆಯ ಮೇಲೆ ಒಂದೇ ಒಂದು ಪೆಟ್ಟು ಬೀಳಬೇಕು, ಆಡುತ್ತಿದ್ದ ಮಾತು ಅರ್ಧಕ್ಕೆ ನಿಲ್ಲಬೇಕು, ಎಲ್ಲರೂ ಸಾಲಾಗಿ ನಿಂತು ಎಣಿಸಿಕೊಂಡು ಮತ್ತೆ ಅದೇ ಅರ್ಧ ಮಾತಿನಿಂದ ಮುಂದುವರಿಯಬೇಕು. ಇದನ್ನು ನಾಲ್ಕೈದು ಸಲ ಮಾಡಿದ ಮೇಲೆ, ಒಂದು ಸಲ ಎಣಿಕೆಯಲ್ಲಿ ಒಬ್ಬ ಕಡಿಮೆ ಬರಲಿ. ಯಾರು, ಏಕೆ ಎಂಬುದನ್ನು ಹೇಳದೆ ತಾಲೀಮು ಮುಂದುವರಿಸಿ. ಅವನ ಪಾತ್ರದ ಮಾತನ್ನು ಇನ್ನೊಬ್ಬ ಎತ್ತಿಕೊಳ್ಳಲಿ.

ಕೈದಿಗಳು ಆಡುವ ಒಳನಾಟಕ ಯಾವುದಿರಬೇಕು ಎಂಬ ಪ್ರಶ್ನೆಗೆ ನನ್ನ ಸಲಹೆ ಗ್ರೀಕ್ ಕವಿ ಸೊಫೋಕ್ಲೀಸನ ಆಂಟಿಗೊನೆ. ಸಾಗನ್‌ನಲ್ಲಿ ಅದನ್ನೇ ಆಡಿದರೆಂದು ಹೇಳುವ ಹಾಗಿಲ್ಲ, ಇದು ನಿಮ್ಮ ಕಲ್ಪನೆಯೆಂದು ಕರಪತ್ರದಲ್ಲಿ ಒಂದು ಸಾಲು ಬರೆಯಬೇಕು. ಆದರೆ ಇದಕ್ಕೆ ಇನ್ನೊಂದು ಸೆರೆಮನೆಯ ಆಧಾರವಿದೆ. ದಕ್ಷಿಣ ಆಫ್ರಿಕದ ರಾಬೆನ್ ದ್ವೀಪದಲ್ಲಿ ಸೆರೆಯಲ್ಲಿದ್ದ ರಾಜಕೀಯ ಕೈದಿಗಳು ಇದೇ ನಾಟಕ ಆಡಿದರು, ಅದರಲ್ಲಿ ಕ್ರೇಯಾನ್ ಅರಸನ ಪಾತ್ರ ವಹಿಸಿದವರು ನೆಲ್ಸನ್ ಮಂಡೇಲಾ. ಸತ್ತ ಅಣ್ಣನಿಗೆ ಮಣ್ಣು ಕೊಡಬಾರದೆಂಬ ಅರಸನ ಆಜ್ಞೆಯನ್ನು ತಂಗಿಯೊಬ್ಬಳು ಮೀರುವ ಕಥೆ ಯಾವ ಊರಿನವರಿಗೂ ಹೇಳಿಕೊಡಬೇಕಾದದ್ದಲ್ಲ. ಈಗಾಗಲೇ ಇರುವ ಕನ್ನಡ ಅನುವಾದವನ್ನು ಬಳಸುವುದಾದರೆ ಹಕ್ಕುದಾರರ ಅನುಮತಿ ಪಡೆಯಬೇಕು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಹತ್ತು ನಿಮಿಷದ ಎರಡು ತುಣುಕುಗಳೇ ಬೇಕಾದ್ದರಿಂದ ಕಥೆಯನ್ನು ತಿಳಿದುಕೊಂಡು ಸ್ವಂತವಾಗಿ ಬರೆಯುವುದೇ ಸುಲಭ.

ಬಣ್ಣದ ಪೆಟ್ಟಿಗೆ ಮುಚ್ಚಿಡಿ

ವರ್ಣಭೇದವನ್ನು ತೋರಿಸಲು ಕಲಾವಿದರ ಮುಖಕ್ಕೆ ಕಪ್ಪು ಬಣ್ಣವನ್ನಾಗಲಿ ಬಿಳಿ ಪೌಡರನ್ನಾಗಲಿ ಬಳಿಯಬೇಡಿ. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಕಂಪನಿ ನಾಟಕಗಳಲ್ಲಿ ರಾಕ್ಷಸರಿಗೆ ಕಪ್ಪು, ದೇವತೆಗಳಿಗೆ ಗುಲಾಬಿ ಬಳಿಯುವ ರೂಢಿ ನಮ್ಮ ಕಣ್ಣಿಗೆ ಎಷ್ಟು ಒಗ್ಗಿದೆಯೆಂದರೆ, ಕಪ್ಪು ಬಳಿದ ಮುಖ ರಂಗಕ್ಕೆ ಬಂದೊಡನೆ ಹಿಂದಿನ ಸಾಲಿನಿಂದ ಸೀಟಿ ಬರುತ್ತದೆ, ಆಮೇಲೆ ಆ ಪಾತ್ರಕ್ಕೆ ಮನುಷ್ಯನಾಗುವ ಅವಕಾಶವೇ ಉಳಿಯುವುದಿಲ್ಲ. ಅದರ ಬದಲು ಭುಜಕ್ಕೆ ಒಂದು ಪಟ್ಟಿ ಕಟ್ಟಿರಿ, ಕೆಲವರಿಗೆ ಹಳದಿ, ಕೆಲವರಿಗೆ ಬೂದಿ ಬಣ್ಣದ್ದು. ಯಾರಿಗೆ ಯಾವುದು ಎಂಬುದನ್ನು ಅವರ ಮೈಬಣ್ಣ ನೋಡಿ ತೀರ್ಮಾನಿಸಬಾರದು. ಹಳದಿ ಪಟ್ಟಿಯವರು ಕಪ್ಪು ಸೈನಿಕರೆಂದು ಸಾರಥಿ ಆರಂಭದಲ್ಲಿ ಒಮ್ಮೆ ಹೇಳಿದರೆ ಸಾಕು.

ಭೇದವನ್ನು ವಸ್ತುಗಳಿಂದ ತೋರಿಸಿ. ರಾಬೆನ್ ದ್ವೀಪದಲ್ಲಿ ಭಾರತೀಯ ಮೂಲದ ಕೈದಿಗಳಿಗೆ ಉದ್ದ ಪ್ಯಾಂಟು, ಆಫ್ರಿಕನ್ ಕೈದಿಗಳಿಗೆ ಗಿಡ್ಡ ಚಡ್ಡಿ ಕೊಡುತ್ತಿದ್ದರು. ಭಾರತೀಯರ ಊಟದಲ್ಲಿ ಬ್ರೆಡ್ ಇತ್ತು, ಆಫ್ರಿಕನ್ನರ ಊಟದಲ್ಲಿ ಇರಲಿಲ್ಲ. ಭಾರತೀಯ ಮೂಲದ ಅಹಮದ್ ಕತ್ರಾದ ಮತ್ತು ಮಂಡೇಲಾ ಒಂದೇ ಮೊಕದ್ದಮೆಯಲ್ಲಿ ಶಿಕ್ಷೆಯಾಗಿ ಬಂದರೂ ಉಡುಪು ಬೇರೆಯಾಯಿತು. ಇಂಥ ಒಂದು ಚಡ್ಡಿ ಹತ್ತು ಪುಟದ ಸಂಭಾಷಣೆಯ ಕೆಲಸ ಮಾಡುತ್ತದೆ. ಸಾಗನ್ ಕಥೆಯಲ್ಲಿ ಈ ಉದಾಹರಣೆಯನ್ನು ನೇರವಾಗಿ ಸೇರಿಸಲಾಗದು, ಆದರೆ ಅಮೆರಿಕದೊಳಗಿನ ಒಂದು ಪ್ರಸಂಗ ಹಾಗೆಯೇ ದೃಶ್ಯವಾಗಿ ನಿಲ್ಲುತ್ತದೆ.

1944ರಲ್ಲಿ ರೂಪರ್ಟ್ ಟ್ರಿಮಿಂಗ್‌ಹ್ಯಾಮ್ ಎಂಬ ಕಪ್ಪು ಕಾರ್ಪೊರಲ್ ಇತರ ಎಂಟು ಕಪ್ಪು ಸೈನಿಕರ ಜೊತೆ ಲೂಯಿಸಿಯಾನ ರಾಜ್ಯದ ರೈಲು ನಿಲ್ದಾಣವೊಂದರಲ್ಲಿ ಇಳಿದ. ಅವರಿಗೆ ಊಟ ಸಿಗುತ್ತಿದ್ದುದು ನಿಲ್ದಾಣದ ಉಪಾಹಾರ ಗೃಹದಲ್ಲಿ ಮಾತ್ರ, ಅದೂ ಹಿಂಬದಿಯ ಅಡುಗೆಮನೆಯಲ್ಲಿ. ಅಷ್ಟರಲ್ಲಿ ಸುಮಾರು ಎರಡು ಡಜನ್ ಜರ್ಮನ್ ಯುದ್ಧಕೈದಿಗಳು ಅಮೆರಿಕನ್ ಕಾವಲಿನವರೊಂದಿಗೆ ಬಂದು ಮುಂಬದಿಯ ಮೇಜುಗಳ ಎದುರು ಕುಳಿತು ಉಂಡು, ಸಿಗರೇಟು ಸೇದಿ, ಮಾತಾಡುತ್ತ ಕುಳಿತರು. ಅವನು ಇದನ್ನು ಸೈನಿಕರ ವಾರಪತ್ರಿಕೆಯೊಂದಕ್ಕೆ ಬರೆದ. ಆ ವರ್ಷದ ಏಪ್ರಿಲ್‌ನಲ್ಲಿ ಪತ್ರ ಅಚ್ಚಾಯಿತು. ಮುಂದೆ ತನಗೆ ಬಂದ 287 ಪತ್ರಗಳಲ್ಲಿ 183 ಬಿಳಿಯ ಸೈನಿಕರಿಂದಲೇ ಬಂದವೆಂದು ಅವನೇ ತಿಳಿಸಿದ. ಈ ಪ್ರಸಂಗಕ್ಕೆ ಒಂದು ಮೇಜು, ಒಂದು ಬಾಗಿಲಿನ ಚೌಕಟ್ಟು ಸಾಕು. ಮೇಜಿನ ಬಳಿ ಉಣ್ಣುವವರು ಒಂದು ಮಾತನ್ನೂ ಆಡಬಾರದು, ಚಮಚದ ಸದ್ದು ಮಾತ್ರ ಕೇಳಬೇಕು. ಬಾಗಿಲಿನ ಆಚೆ ನಿಂತವನು ಪತ್ರ ಓದಬೇಕು. ಮುಂದೆ ಪತ್ರಗಳು ಬಂದದ್ದನ್ನು ತೋರಿಸುವಾಗ ಸಭೆಯ ಬೇರೆ ಬೇರೆ ಮೂಲೆಗಳಿಂದ ಕಲಾವಿದರು ಎದ್ದು ಲಕೋಟೆಗಳನ್ನು ಕೈಯಿಂದ ಕೈಗೆ ದಾಟಿಸುತ್ತ ರಂಗಕ್ಕೆ ತಲುಪಿಸಲಿ. ಪ್ರೇಕ್ಷಕರ ಕೈಯೂ ಅದರಲ್ಲಿ ಸೇರುತ್ತದೆ.

ಸಭೆಯನ್ನು ಕೂರಿಸುವುದೂ ನಿರ್ದೇಶನದ ಭಾಗವೇ. ಬಾಗಿಲಲ್ಲಿ ಎರಡು ಬಣ್ಣದ ಚೀಟಿಗಳನ್ನು ಬಂದವರಿಗೆ ಬಂದ ಹಾಗೆ ಕೊಟ್ಟು, ನಡುವೆ ಹಗ್ಗ ಎಳೆದು, ಎರಡು ಕಡೆ ಕೂರಿಸಿ. ಜೊತೆಯಾಗಿ ಬಂದ ಗೆಳೆಯರು ಬೇರೆಯಾಗುತ್ತಾರೆ, ಗಂಡ ಒಂದು ಕಡೆ ಹೆಂಡತಿ ಒಂದು ಕಡೆ ಆಗುತ್ತಾರೆ, ತಕರಾರು ಬರುತ್ತದೆ. ತಕರಾರು ಮಾಡಿದವರಿಗೆ ನಿಮ್ಮ ಸ್ವಯಂಸೇವಕರು ವಿನಯದಿಂದ, ನಿಯಮ ಹಾಗಿದೆ ಎಂದಷ್ಟೇ ಹೇಳಲಿ. ಚಿಕ್ಕ ಮಕ್ಕಳನ್ನೂ ವಯಸ್ಸಾದವರನ್ನೂ ಇದರಿಂದ ಬಿಡಬೇಕು. ಒಂದು ಕಡೆ ಕುರ್ಚಿ, ಇನ್ನೊಂದು ಕಡೆ ಜಮಖಾನೆ ಹಾಕುವ ಯೋಚನೆಯೂ ಬರುತ್ತದೆ; ನಮ್ಮ ಊರುಗಳಲ್ಲಿ ಯಾರು ಎಲ್ಲಿ ಕೂಡಬೇಕೆಂಬುದಕ್ಕೆ ಬೇರೆಯೇ ಚರಿತ್ರೆ ಇರುವುದರಿಂದ ಅದನ್ನು ವಿವೇಚನೆಯಿಂದ ಮಾಡಬೇಕು. ಜಾತಿಯ ಮಾತನ್ನು ಪಾತ್ರಗಳ ಬಾಯಿಂದ ಆಡಿಸಬೇಡಿ. ಹಗ್ಗದ ಆಚೆಯ ಸೀಮೆಯವರನ್ನು ನೋಡುತ್ತ ಒಂದು ಗಂಟೆ ಕುಳಿತ ಸಭೆಗೆ ಆ ಸಂಬಂಧ ಹೊಳೆಯದಿದ್ದರೆ ಮಾತಿನಿಂದಲೂ ಹೊಳೆಯುವುದಿಲ್ಲ.

ರಂಗದ ಮೇಲೆ ರಂಗವನ್ನು ಕಟ್ಟುವುದು

ಈ ನಾಟಕದಲ್ಲಿ ಭರವಸೆಯ ಮಾತನ್ನು ಯಾರೂ ಆಡಬೇಕಾಗಿಲ್ಲ ಎಂಬುದು ನನ್ನ ಮುಖ್ಯ ಸಲಹೆ. ಆಟ ಆರಂಭವಾಗುವಾಗ ರಂಗ ಬರಿದಾಗಿರಬೇಕು. ಮುಗಿಯುವಷ್ಟರಲ್ಲಿ ಕೈದಿಗಳು ಅದರ ಮೇಲೆ ತಮ್ಮ ಚಿಕ್ಕ ರಂಗವೊಂದನ್ನು, ಅದರ ಎದುರು ಒಂದು ಸಾಲು ಆಸನಗಳನ್ನು ನಿಜವಾಗಿಯೂ ಕಟ್ಟಿ ಮುಗಿಸಿರಬೇಕು. ಮೊಳೆ ಹೊಡೆಯುವ ಸದ್ದು, ಗರಗಸದ ಸದ್ದು, ಮೊಣಕಾಲಿನ ಮೇಲೆ ಹಲಗೆ ಇಟ್ಟು ಅಳತೆ ನೋಡುವ ಭಂಗಿ, ಇವುಗಳಿಂದಲೇ ಕಾಲ ಸರಿಯುವುದು ಕಾಣುತ್ತದೆ.

ಕಟ್ಟಿಗೆಗೆ ದೂರ ಹೋಗಬೇಕಾಗಿಲ್ಲ. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಿಗೆ ಯಂತ್ರದ ಬಿಡಿಭಾಗಗಳು ಬರುವ ಹಗುರ ಕಟ್ಟಿಗೆಯ ಪೆಟ್ಟಿಗೆಗಳು ಗುಜರಿಯಲ್ಲಿ ಸಿಗುತ್ತವೆ. ಹಳೆಯ ಮೊಳೆಗಳನ್ನು ತಾಲೀಮಿಗೆ ಮೊದಲೇ ಕಿತ್ತು, ಅಂಚುಗಳನ್ನು ಮರಳು ಕಾಗದದಿಂದ ಉಜ್ಜಿಕೊಳ್ಳಬೇಕು. ಒಂದು ಆಸನಕ್ಕೆ ಮೊಳಕಾಲೆತ್ತರದ ಎರಡು ಬದಿಗಳು, ಕೂಡಲು ಮೂರು ಅಡ್ಡಪಟ್ಟಿಗಳು, ಬೆನ್ನಿಗೆ ಹಿಂದಕ್ಕೆ ತುಸು ವಾಲಿದ ಎರಡು ಪಟ್ಟಿಗಳು ಬೇಕು. ಇವುಗಳಿಗೆ ಮೊದಲೇ ತೂತು ಕೊರೆದು ಇಟ್ಟುಕೊಂಡರೆ ರಂಗದ ಮೇಲೆ ಎಂಟು ಹತ್ತು ಮೊಳೆಗಳಲ್ಲಿ ಆಸನ ನಿಲ್ಲುತ್ತದೆ. ಪೂರ್ತಿ ಸಿದ್ಧವಾದದ್ದನ್ನು ತಂದು ಇಡುವ ಆಸೆಯನ್ನು ಬಿಡಿ. ಒಂದು ಮೊಳೆ ಸೊಟ್ಟಗಾದರೆ ಅದನ್ನು ಕಿತ್ತು, ಕಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡಿ ಮತ್ತೆ ಹೊಡೆಯಲಿ, ಕೈದಿಗೆ ಇನ್ನೊಂದು ಮೊಳೆ ಸಿಗುತ್ತಿರಲಿಲ್ಲ. ಕಟ್ಟಿದ ಆಸನದ ಮೇಲೆ ಮೊದಲು ತಂಡದ ಎಲ್ಲರಿಗಿಂತ ಭಾರದ ಕಲಾವಿದ ಕುಳಿತು ನೋಡುವುದನ್ನು ದೃಶ್ಯದಲ್ಲಿಯೇ ಸೇರಿಸಿ. ನಗೆಯೂ ಬರುತ್ತದೆ, ಸುರಕ್ಷೆಯೂ ಖಾತ್ರಿಯಾಗುತ್ತದೆ. ಹಳದಿ ಪಟ್ಟಿಯವನು ಹಲಗೆ ಹಿಡಿದಾಗ ಬೂದಿ ಪಟ್ಟಿಯವನು ಮೊಳೆ ಹೊಡೆಯಲಿ. ಒಬ್ಬರ ಬೆರಳು ಇನ್ನೊಬ್ಬರ ಸುತ್ತಿಗೆಯ ಕೆಳಗೆ ಇರುವಾಗ ಅವರ ನಡುವಿನ ನಂಬಿಕೆಯನ್ನು ಬೇರೆ ಹೇಳಬೇಕಾಗುವುದಿಲ್ಲ.

ಸಾಗನ್‌ನ ಕೈದಿಗಳಿಗೆ ಉಪಕರಣಗಳನ್ನು ಕೊಡುವಾಗ, ಪಾರಾಗಲು ಅವನ್ನು ಬಳಸುವುದಿಲ್ಲವೆಂದು ವಚನ ತೆಗೆದುಕೊಳ್ಳುತ್ತಿದ್ದರು. ಸುತ್ತಿಗೆ ಕೈಗೆ ಬಂದಾಗಲೆಲ್ಲ ಕೈದಿ ವಚನ ಕೊಡುವ, ಸಂಜೆ ಸುತ್ತಿಗೆ ಹಿಂತಿರುಗಿಸುವ ಕ್ರಮವನ್ನು ನಾಟಕದಲ್ಲಿ ಇಟ್ಟರೆ ಕೈದಿಯ ಮಾನದ ಪ್ರಶ್ನೆಯೂ ಬರುತ್ತದೆ.

ಬೆಳಕಿಗೆ ಹದಿನೈದು ಕಿಲೋ ಎಣ್ಣೆಯ ಖಾಲಿ ಡಬ್ಬಿಗಳನ್ನು ಉದ್ದಕ್ಕೆ ಸೀಳಿ, ಒಳಗೆ ಬಲ್ಬು ಕೂರಿಸಿ ರಂಗದ ಅಂಚಿನಲ್ಲಿ ಇಡಿ. ಅಂಚು ಮಡಚದೆ ಬಿಟ್ಟರೆ ಕೈ ಸೀಳುತ್ತದೆ. ಉಳಿದ ಬೆಳಕು ಮಂದಿರದಲ್ಲಿ ಇರುವಷ್ಟೇ ಸಾಕು.

ಒಳನಾಟಕದ ಆಂಟಿಗೊನೆಯ ಪಾತ್ರವನ್ನು ಗಂಡಸೇ ಮಾಡಬೇಕು, ಏಕೆಂದರೆ ಶಿಬಿರದಲ್ಲಿ ಹೆಂಗಸರಿರಲಿಲ್ಲ. ಇದಕ್ಕೆ ನಮ್ಮ ಸೀಮೆಯಲ್ಲಿ ಹಿರಿಯ ಪರಂಪರೆಯೇ ಇದೆ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ನೂರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ ಏಣಗಿ ಬಾಳಪ್ಪನವರು ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳಿಂದಲೇ ಹೆಸರಾದವರು. ಅದೇ ಕಾಲದಲ್ಲಿ ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಶ್ರೀಕೃಷ್ಣ ಪಾರಿಜಾತದ ಗಂಡುಮೇಳಕ್ಕೆ ಹೆಣ್ಣಾಗಿ ಕಾಲಿಟ್ಟದ್ದನ್ನೂ ಮರೆಯುವಂತಿಲ್ಲ. ಈಗಿನ ಹುಡುಗರಿಗೆ ಸೀರೆ ಉಡಿಸಿದೊಡನೆ ಸೊಂಟ ಕುಣಿಸುವ ಚಾಳಿಯಿದೆ. ತಾಲೀಮಿನ ಮೊದಲ ವಾರ ಅವನಿಗೆ ಸೀರೆ ಕೊಡಬೇಡಿ. ಕೈದಿಯ ಅಂಗಿಯಲ್ಲಿಯೇ ಆ ತಂಗಿಯ ಮಾತುಗಳನ್ನು ಆಡುವಂತಾಗಲಿ. ಆಮೇಲೆ ಹಾಸಿಗೆಯ ಹಳೆಯ ಚಾದರವನ್ನು ಸೀರೆಯಂತೆ ಸುತ್ತಿಕೊಳ್ಳಲಿ.

ಉಡುಪಿನ ವಿಷಯದಲ್ಲಿ ಎರಡು ಮಾತು ಸಾಕು. ಭಾರತೀಯ ಸೈನ್ಯದ ಈಗಿನ ಸಮವಸ್ತ್ರವನ್ನಾಗಲಿ ಬಿಲ್ಲೆಗಳನ್ನಾಗಲಿ ಬಳಸಬೇಡಿ, ದಂಡುಪ್ರದೇಶವಿರುವ ಊರಿನಲ್ಲಿ ಅದು ಅನಾವಶ್ಯಕ ತೊಂದರೆ. ಸಾದಾ ಖಾಕಿ ಅಂಗಿ ಸಾಲುತ್ತದೆ. ನಾಜಿಗಳ ಲಾಂಛನವನ್ನು ದೊಡ್ಡದಾಗಿ ತೂಗುಹಾಕಿದರೆ ನಮ್ಮ ಸಭೆ ಅದನ್ನು ಬಾಗಿಲ ಮೇಲಿನ ಸ್ವಸ್ತಿಕವೆಂದು ಓದಿಕೊಳ್ಳುತ್ತದೆ, ಆದ್ದರಿಂದ ಬೂದಿ ಬಣ್ಣದ ಕೋಟು ಮತ್ತು ಸೀಟಿಯಿಂದಲೇ ಕಾವಲುಗಾರನನ್ನು ಗುರುತಿಸುವಂತೆ ಮಾಡಿ.

ನಾಟಕ ಮುದ್ದಾಗಿಬಿಡುವ ಅಪಾಯ ಇದ್ದೇ ಇದೆ. ಸಾಗನ್‌ನ ಅಧಿಕಾರಿ ಕೈದಿಗಳಿಗೆ ಒಪ್ಪಂದದ ಪ್ರಕಾರ ಕೂಲಿ ಕೆಲಸವಿರಲಿಲ್ಲ, ರೆಡ್‌ಕ್ರಾಸಿನಿಂದ ತಿನಿಸು ಬರುತ್ತಿತ್ತು. ನಾಟಕ ಆಡುವ ಬಿಡುವೂ ಶಕ್ತಿಯೂ ಅದರಿಂದ ಬಂದವು. ಜರ್ಮನರ ಕೈಗೆ ಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ಸೆರೆಯಲ್ಲಿ ಸತ್ತರು. 1940ರಲ್ಲಿ ಫ್ರೆಂಚ್ ಸೈನ್ಯದ ಆಫ್ರಿಕನ್ ಸೈನಿಕರನ್ನು ಹಿಡಿದ ಜಾಗದಲ್ಲಿಯೇ ಗುಂಪಾಗಿ ಕೊಂದ ಪ್ರಕರಣಗಳಿವೆ. ಉಳಿದವರನ್ನು ಜರ್ಮನಿಯ ನೆಲಕ್ಕೆ ತರದೆ ಫ್ರಾನ್ಸಿನ ಶಿಬಿರಗಳಲ್ಲಿಯೇ ಇಟ್ಟರು. ಮುಂದೆ ಸೆನೆಗಲ್ಲಿನ ಅಧ್ಯಕ್ಷನಾದ ಕವಿ ಸೆಂಗೋರ್ ಅಂಥ ಶಿಬಿರದಲ್ಲಿದ್ದ. ಆದ್ದರಿಂದ ಜರ್ಮನ್ ಶಿಬಿರವನ್ನು ಅಮೆರಿಕಕ್ಕಿಂತ ಉದಾರವೆಂದು ತೋರಿಸುವ ಸುಳಿಗೆ ಬೀಳಬಾರದು. ಜೆಫರ್ಸನ್‌ಗೆ ಸಿಕ್ಕ ನಡವಳಿಕೆ ಅಮೆರಿಕನ್ ಅಧಿಕಾರಿಯೊಬ್ಬನಿಗೆ ಸಿಕ್ಕದ್ದು. ಸಾರಥಿ ನಡುವೆ ಒಮ್ಮೆ ಬಂದು ಈ ಅಂಕಿಗಳನ್ನು ಪೇಟಿಯಿಲ್ಲದೆ, ರಾಗವಿಲ್ಲದೆ ಹೇಳಿ ಹೋಗಲಿ.

ಕೊನೆಯ ದೃಶ್ಯವನ್ನು ಚರಿತ್ರೆಯೇ ಬರೆದಿಟ್ಟಿದೆ. 1945ರ ಜನವರಿ 27ರ ರಾತ್ರಿ ಹಿಮದಲ್ಲಿ ಕೈದಿಗಳನ್ನು ಪಶ್ಚಿಮಕ್ಕೆ ನಡೆಸಿಕೊಂಡು ಹೊರಟರು. ಜೆಫರ್ಸನ್ ಮೂಸ್‌ಬುರ್ಗ್ ಶಿಬಿರ ತಲುಪಿ, ಏಪ್ರಿಲ್ 29ರಂದು ಬಿಡುಗಡೆಯಾದ. ಹಡಗಿನಲ್ಲಿ ನ್ಯೂಯಾರ್ಕ್ ಮುಟ್ಟಿ ಇಳಿಯುವಾಗ ಬಿಳಿಯರಿಗೆ ಒಂದು ಕಡೆ, ಕಪ್ಪು ಜನರಿಗೆ ಇನ್ನೊಂದು ಕಡೆ ಎಂಬ ಸೂಚನೆ ಕಾದಿತ್ತೆಂದು ಅವನು ನೆನೆಸಿಕೊಂಡಿದ್ದಾನೆ. ಅಮೆರಿಕದ ಸೈನ್ಯದಲ್ಲಿ ಈ ಭೇದ ಹೋಗಬೇಕೆಂದು ಅಧ್ಯಕ್ಷ ಟ್ರೂಮನ್ ಆಜ್ಞೆ ಹೊರಡಿಸಿದ್ದು 1948ರ ಜುಲೈ 26ರಂದು. ಒಂದು ಗಂಟೆ ಕಟ್ಟಿದ ರಂಗದ ಎದುರಿನಿಂದ ಕಲಾವಿದರು ಸಭೆಯೊಳಗೆ ಇಳಿದು, ಹಗ್ಗದ ಎರಡು ಬದಿಗೆ ಬೇರೆಯಾಗಿ ನಡೆದು ಹೊರಗೆ ಹೋಗಲಿ. ಹಗ್ಗವನ್ನು ನೀವು ಬಿಚ್ಚಬೇಡಿ. ಬಿಚ್ಚಬೇಕೆನಿಸಿದ ಪ್ರೇಕ್ಷಕರು ಬಿಚ್ಚಲಿ. ಮಂಗಳ ಹಾಡುವ ರೂಢಿಯನ್ನು ಈ ಒಂದು ಪ್ರಯೋಗಕ್ಕೆ ಬಿಟ್ಟುಕೊಡಲು ಪೇಟಿಯವರನ್ನು ಮೊದಲೇ ಒಪ್ಪಿಸಿರಿ, ಇಲ್ಲವಾದರೆ ಅಭ್ಯಾಸಬಲದಿಂದ ಅವರ ಕೈ ಆಡಿಯೇ ಆಡುತ್ತದೆ.

ದಿನ ಗೊತ್ತುಮಾಡುವಾಗ ಬಾದಾಮಿಯ ಬನಶಂಕರಿ ಜಾತ್ರೆಯ ತಿಂಗಳನ್ನು ತಪ್ಪಿಸಿ. ಬನದ ಹುಣ್ಣಿಮೆಯಿಂದ ಮುಂದೆ ಅಲ್ಲಿ ಬೀಡುಬಿಡುವ ವೃತ್ತಿ ಕಂಪನಿಗಳ ನಡುವೆ ಈ ನಾಟಕಕ್ಕೆ ಸಭೆ ಸಿಗುವುದಿಲ್ಲ, ಒಳ್ಳೆಯ ಪೇಟಿ ಮಾಸ್ತರರೂ ಸಿಗುವುದಿಲ್ಲ. ಮಾರ್ಚ್ ಪರೀಕ್ಷೆಯ ಕಾಲ. ನವೆಂಬರ್, ಡಿಸೆಂಬರ್ ಒಳ್ಳೆಯದು. ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರ, ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರಗಳಲ್ಲಿ ಆಡುವುದಾದರೆ, ರಂಗದ ನೆಲಕ್ಕೆ ಮೊಳೆ ತಾಗದಂತೆ ಕೆಳಗೆ ದಪ್ಪ ಪ್ಲೈವುಡ್ ಹಾಸುವುದಾಗಿ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು.

ಹಿಂಡಲಗಾ ಅಥವಾ ವಿಜಯಪುರದ ಕೇಂದ್ರ ಕಾರಾಗೃಹದಲ್ಲಿ ಒಂದು ಪ್ರಯೋಗ ಮಾಡಬೇಕೆಂಬ ಆಸೆ ತಂಡಕ್ಕೆ ಬಂದೇ ಬರುತ್ತದೆ, ಬರಲಿ. ಅದಕ್ಕೆ ಕಾರಾಗೃಹದ ಮುಖ್ಯ ಅಧೀಕ್ಷಕರಿಗೆ ರಂಗಪಠ್ಯ, ಕಲಾವಿದರ ಹೆಸರು ಮತ್ತು ಗುರುತಿನ ಚೀಟಿಗಳ ಪ್ರತಿ, ಒಳಗೆ ತರುವ ಪ್ರತಿಯೊಂದು ಸಾಮಾನಿನ ಪಟ್ಟಿ, ಇವನ್ನು ಲಗತ್ತಿಸಿ ಸಾಕಷ್ಟು ಮುಂಚೆ ಅರ್ಜಿ ಕೊಡಬೇಕು. ಸುತ್ತಿಗೆ, ಗರಗಸ, ಮೊಳೆ, ಹಗ್ಗ, ಸೀಳಿದ ಡಬ್ಬಿ, ಇವು ಯಾವುವೂ ಒಳಗೆ ಹೋಗುವುದಿಲ್ಲವೆಂದೇ ಎಣಿಸಿ, ಆ ಪ್ರಯೋಗಕ್ಕೆ ಬೇರೆಯೇ ತಾಲೀಮು ಮಾಡಿಕೊಳ್ಳಿ. ಆಸನಗಳನ್ನು ರಟ್ಟಿನ ಪೆಟ್ಟಿಗೆಗಳಿಂದ ಮಡಚಿ ಮಾಡಬಹುದು, ಹಗ್ಗದ ಬದಲು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಬಹುದು. ಅಲ್ಲಿ ಸಭೆಯನ್ನು ಎರಡು ಪಾಲು ಮಾಡಿ ಕೂರಿಸುವ ದೃಶ್ಯವನ್ನು ಮಾತ್ರ ಪೂರ್ತಿ ಕೈಬಿಡಿ, ಗೆರೆ ರಂಗದ ಮೇಲಷ್ಟೇ ಇರಲಿ. ಎಣಿಕೆಯ ಹಲಗೆಯ ಪೆಟ್ಟನ್ನು ಇಡಬೇಕೇ ಬಿಡಬೇಕೇ ಎಂಬುದನ್ನು ಅಲ್ಲಿಯ ಕೈದಿಗಳಲ್ಲಿ ಒಬ್ಬಿಬ್ಬರನ್ನು ತಾಲೀಮಿನ ದಿನವೇ ಕೇಳಿ ತೀರ್ಮಾನಿಸಿ.